ಮಾವನ ದನಿಯ ಡಬ್ಬಿ

"ಇದರಲ್ಲಿ ಏನೂ ಇಲ್ವಲ್ಲ," ಎಂದಳು ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್. ಪೆನ್ ಡ್ರೈವನ್ನು ಒಮ್ಮೆ ಕಿತ್ತು, ಊದಿ, ಮತ್ತೆ ತನ್ನ ಕಂಪ್ಯೂಟರಿಗೆ ಸಿಕ್ಕಿಸಿದಳು.

"ಇದೆ ಮೇಡಂ. ನಿನ್ನೆ ಸಂಜೆ ನಾನೇ ಹಾಕಿದ್ದು."

"ಬರೀ ಶಾರ್ಟ್‌ಕಟ್ ಬಂದಿದೆ. ಅಸಲಿ ಫೋಲ್ಡರ್ ನಿಮ್ಮ ಕಂಪ್ಯೂಟರಲ್ಲೇ ಉಳಿದಿದೆ. ನೋಡಿ, ಎಲ್ಲಿದೆ ಅಂತ ಇಲ್ಲೇ ತೋರಿಸ್ತಿದೆ. 'ಮುಗಿದವು' ಅನ್ನೋ ಫೋಲ್ಡರ್ ಒಳಗಡೆ."

ಸೊಸೆಗೆ ಮೊದಲು ನಾಚಿಕೆಯಾಯಿತು. ಹಗಲೂ ಇರುಳೂ ರೆಕಾರ್ಡಿಂಗ್ ಮಾಡಿಕೊಂಡೇ ಹೊಟ್ಟೆ ಹೊರೆಯುವವಳು, ಶಾರ್ಟ್‌ಕಟ್ ಯಾವುದು ಫೋಲ್ಡರ್ ಯಾವುದು ಅಂತ ತಿಳಿಯದೆ ಬಂದುಬಿಟ್ಟೆನಲ್ಲ ಎಂದು ಕಿವಿ ಬಿಸಿಯಾಯಿತು. 'ಮುಗಿದವು' ಎನ್ನುವ ಮಾತು ಆ ಬಿಸಿ ಕಿವಿಯಿಂದ ಒಳಗಿಳಿಯಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಇಳಿದದ್ದೇ ತಡ, ಎದೆ ಧಸಕ್ಕೆಂದಿತು.

ಯಾಕೆಂದರೆ ನಿನ್ನೆ ಸಂಜೆ, ಪೆನ್ ಡ್ರೈವಿಗೆ ಹಾಕಿಕೊಂಡಾಯಿತೆಂದು ನಿಶ್ಚಿಂತೆಯಾಗಿ, ಕಂಪ್ಯೂಟರಿನಲ್ಲಿ ಜಾಗ ಸಾಲುತ್ತಿಲ್ಲವೆಂದು, 'ಮುಗಿದವು' ಇಡಿಯಾಗಿ ಅಳಿಸಿದ್ದಳು. ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿ ಕೈ ಜಾಡಿಸಿಕೊಂಡು ಎದ್ದಿದ್ದಳು. ಎಷ್ಟು ಹಗುರವಾಯಿತು ಅಂತ ಖುಷಿ ಬೇರೆ ಪಟ್ಟಿದ್ದಳು, ಪುಣ್ಯಾತ್ಗಿತ್ತಿ!

ಆ ಫೋಲ್ಡರಿನಲ್ಲಿ ಇದ್ದದ್ದು ಅವಳ ಮಾವನ ದನಿ.

ಮಾವನಿಗೆ ಮಾರುಕಟ್ಟೆಯಲ್ಲಿ ಹರಾಜಪ್ಪ ಎಂದೇ ಹೆಸರು. ಸಗಟು ತರಕಾರಿ ಮಾರುಕಟ್ಟೆಯಲ್ಲಿ ಮರದ ಪೆಟ್ಟಿಗೆಯ ಮೇಲೆ ನಿಂತು ಹರಾಜು ಕೂಗುವುದು ಆತನ ಕಸುಬು. ಆ ಗಂಟಲಿನ ಮುಂದೆ ಲಾರಿಗಳ ಹಾರ್ನೂ ಸಪ್ಪೆ. ಮನೆಯಲ್ಲಿ ಹೆಂಡತಿಯ ಕಿವಿಯಲ್ಲಿ ಗುಟ್ಟು ಹೇಳಿದರೆ ಪಕ್ಕದ ಮನೆಯವರು ಉತ್ತರ ಕೊಡುತ್ತಿದ್ದರು. ಅಂಥ ಗಂಟಲಲ್ಲಿ ಗಡ್ಡೆ ಬೆಳೆಯಿತು. ಧ್ವನಿಪೆಟ್ಟಿಗೆ ತೆಗೆಯದೆ ಜೀವ ಉಳಿಯುವುದಿಲ್ಲ ಎಂದರು ಡಾಕ್ಟರು. ಆಗ ಈ ಥೆರಪಿಸ್ಟೇ ಒಂದು ದಾರಿ ಹೇಳಿದ್ದಳು: ಆಪರೇಷನ್ನಿಗೆ ಮೊದಲು ದನಿಯನ್ನು ಚೆನ್ನಾಗಿ ರೆಕಾರ್ಡ್ ಮಾಡಿಟ್ಟರೆ, ಮುಂದೆ ಆತ ಒತ್ತಿದ ಅಕ್ಷರಗಳನ್ನು ಆತನದೇ ದನಿಯಲ್ಲಿ ಆಡುವ ಯಂತ್ರ ಮಾಡಿಸಬಹುದು.

ಸೊಸೆಗೆ ಇದಕ್ಕಿಂತ ಬೇಕೆ? ಅವಳದೂ ಗಂಡನದೂ ಸೇರಿ ಒಂದು ಪುಟ್ಟ ಸ್ಟುಡಿಯೊ. ಮಕ್ಕಳ ಕಾರ್ಟೂನುಗಳಿಗೆ ಮಾತು ಕೂಡಿಸುವ ಕೆಲಸ. ಮಾವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಯಂತ್ರ ಮಾಡುವವರು ಕಳಿಸಿದ ವಾಕ್ಯಗಳನ್ನು ಒಂದೊಂದಾಗಿ ಓದಿಸಿದಳು. 'ಕಿಟಕಿ ತೆರೆದಿದೆ.' 'ನನಗೆ ನೀಲಿ ಬಣ್ಣ ಇಷ್ಟ.' 'ದಯವಿಟ್ಟು ಸ್ವಲ್ಪ ಜರುಗಿ ಕುಳಿತುಕೊಳ್ಳಿ.'

"ಇಂಥಾ ಸಪ್ಪೆ ಮಾತು ಹುಟ್ಟಿದಾಗಿಂದ ಆಡಿಲ್ಲ ಕಣಮ್ಮ," ಎಂದು ಆತ ನಡುನಡುವೆ ಗೊಣಗಿದ್ದ. "ಒಂದಾದ್ರೂ ಬೈಗುಳ ಹಾಕಬಾರ್ದಿತ್ತಾ ಇವರು? ಬೈಯೋಕಾಗದ ಯಂತ್ರ ತಗೊಂಡು ನಾನೇನು ಮಾಡ್ಲಿ?"

ಗಂಟಲು ನೋಯುತ್ತಿತ್ತು, ನಡುವೆ ನೀರು ಕುಡಿದು, ಕಣ್ಣು ಒರೆಸಿಕೊಂಡು, ಅಷ್ಟನ್ನೂ ಓದಿದ. ಕೊನೆಯ ವಾಕ್ಯವಾದ ಮೇಲೆ ಹರಾಜು ಮುಗಿಸುವಾಗ ಮಾಡುತ್ತಿದ್ದಂತೆ ಬೆರಳ ಗೆಣ್ಣಿನಿಂದ ಮೇಜಿನ ಮೇಲೆ ಮೂರು ಸಲ ಬಡಿದು, "ಮುಗೀತು!" ಎಂದ. ಓದು ಮುಗಿಯಿತಲ್ಲ, ಹಾಗಾಗಿ ಸೊಸೆ ಫೋಲ್ಡರನ್ನು ಎಳೆದು 'ಮುಗಿದವು' ಒಳಗೆ ಇಟ್ಟಳು. ಎಲ್ಲವನ್ನೂ ಅದರದರ ಜಾಗದಲ್ಲಿ ಇಡುವ ಅವಳ ಅಚ್ಚುಕಟ್ಟು ಈಗ ಅವಳಿಗೇ ಮುಳುವಾಯಿತು.

"ಬ್ಯಾಕಪ್ ಇದೆ ತಾನೆ?" ಎಂದಳು ಥೆರಪಿಸ್ಟ್.

"ಇದೆ. ಇದೆ ಮೇಡಂ. ಡಬ್ಬಿಯಲ್ಲಿದೆ."

ಡಬ್ಬಿ ಎಂದರೆ ಹೊರಗಿನಿಂದ ಸಿಕ್ಕಿಸುವ ಹಾರ್ಡ್ ಡ್ರೈವ್. ಅಂಗೈಯಗಲದ ಕಪ್ಪು ಪೆಟ್ಟಿಗೆ, ಒಂದು ಗಿಡ್ಡ ವೈರು, ಜಿಪ್ ಇರುವ ಒಂದು ಚೀಲ. ಹಿಂದೊಮ್ಮೆ ಸ್ಟುಡಿಯೊದ ಮಾಳಿಗೆಯಲ್ಲಿ ನೀರಿನ ಪೈಪು ಒಡೆದು ಕಂಪ್ಯೂಟರ್ ಮಿಂದುಹೋದಾಗಿನಿಂದ ಡಬ್ಬಿ ರಾತ್ರಿ ಸ್ಟುಡಿಯೊದಲ್ಲಿ ಉಳಿಯಬಾರದು ಎಂದು ಸೊಸೆ ಕಟ್ಟುನಿಟ್ಟು ಮಾಡಿದ್ದಳು. ಸಂಜೆ ಮನೆಗೆ, ಬೆಳಿಗ್ಗೆ ಸ್ಟುಡಿಯೊಗೆ. ಆಪರೇಷನ್ ಆಗಿ ಮನೆಗೆ ಬಂದ ಮಾವ ಗೋಡೆ ನೋಡುತ್ತ ಕೂತುಬಿಟ್ಟಾಗ, ನಡೆದಾಡಿದಂತೆಯೂ ಆಯಿತು, ಒಂದು ಜವಾಬ್ದಾರಿಯೂ ಆಯಿತು ಎಂದು ಡಬ್ಬಿ ಹೊರುವ ಕೆಲಸವನ್ನು ಆತನಿಗೇ ವಹಿಸಿದ್ದಳು. ಮನೆಯಿಂದ ಸ್ಟುಡಿಯೊಗೆ ಎರಡೇ ಬೀದಿ. ಬೆಳಿಗ್ಗೆ ಹೋಗಿ ಬೀಗ ತೆಗೆಯಬೇಕು, ಡಬ್ಬಿಯ ವೈರು ಸಿಕ್ಕಿಸಬೇಕು, ದೀಪ ಮಿಣುಕುವುದು ನಿಂತ ಮೇಲೆ ತೆಗೆದು ಚೀಲಕ್ಕೆ ಹಾಕಬೇಕು. ಕಂಪ್ಯೂಟರ್ ಸದಾ ಚಾಲೂ ಇರುತ್ತಿತ್ತು, ಉಳಿದದ್ದೆಲ್ಲ ತಾನಾಗಿ ಆಗುತ್ತಿತ್ತು.

ಆ 'ತಾನಾಗಿ' ಎನ್ನುವುದರಲ್ಲೇ ಇತ್ತು ಗ್ರಹಚಾರ. ಡಬ್ಬಿಯಲ್ಲಿ ಹಳೆಯ ಕಸ ಉಳಿಯುವುದು ಸೊಸೆಗೆ ಸೇರುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಏನಿದೆಯೋ ಅದಷ್ಟೇ ಡಬ್ಬಿಯಲ್ಲೂ ಇರಬೇಕು, ಅಲ್ಲಿ ಇಲ್ಲದ್ದನ್ನು ಇಲ್ಲಿಂದಲೂ ತೆಗೆದುಹಾಕಬೇಕು ಎಂದು ಅವಳೇ ಕೂತು ಹೊಂದಿಸಿಟ್ಟಿದ್ದಳು. ಇವತ್ತು ಮಾವ ವೈರು ಸಿಕ್ಕಿಸಿದ ಕೂಡಲೇ ಡಬ್ಬಿ ಕಂಪ್ಯೂಟರಿನೊಳಗೆ ಇಣುಕುತ್ತದೆ, ಅಲ್ಲಿ ಮಾವನ ದನಿ ಇಲ್ಲ ಎನ್ನುವುದನ್ನು ನೋಡುತ್ತದೆ, ಹೇಳಿದ ಮಾತು ಕೇಳುವ ಆಳಿನ ಹಾಗೆ ತನ್ನಲ್ಲಿರುವುದನ್ನೂ ಅಳಿಸಿ ಕೂರುತ್ತದೆ. ತುಂಬಿಸಲು ಗಂಟೆಗಟ್ಟಲೆ ಹಿಡಿಯುವ ಡಬ್ಬಿ ಅಳಿಸಲು ನಿಮಿಷವನ್ನೂ ಕೇಳುವುದಿಲ್ಲ.

ಗೋಡೆ ಗಡಿಯಾರ ನೋಡಿದಳು. ಮಾವ ಸ್ಟುಡಿಯೊ ಬಾಗಿಲು ತೆಗೆಯುವ ಹೊತ್ತು ಸರಿಯಾಗಿ ಇದೇ.

"ಮೇಡಂ, ಬಂದೆ," ಎಂದವಳೇ ಪೆನ್ ಡ್ರೈವನ್ನೂ ಅಲ್ಲೇ ಬಿಟ್ಟು ಓಡಿದಳು. ಲಿಫ್ಟು ಮೇಲಿನ ಅಂತಸ್ತಿನಲ್ಲೇ ಠಿಕಾಣಿ ಹೂಡಿತ್ತು. ಮೆಟ್ಟಿಲು ಇಳಿಯುತ್ತಲೇ ಮಾವನ ಫೋನಿಗೆ ಕರೆ ಮಾಡಿದಳು. ರಿಂಗಾಯಿತು, ರಿಂಗಾಯಿತು, ಕೊನೆಗೆ ಎತ್ತಿದ.

"ಮಾವಾ! ಡಬ್ಬಿ ಹಾಕ್ಬೇಡಿ! ಕೇಳಿಸ್ತಾ? ಡಬ್ಬೀನ ಕಂಪ್ಯೂಟರಿಗೆ ಹಾಕ್ಬೇಡಿ! ಹಾಕ್ಬಿಟ್ರಾ? ಇಲ್ವಾ? ಹೇಳಿ ಮಾವ, ಹೇಳಿ!"

ಹೇಳಿ ಎಂದಳು! ಯಾರಿಗೆ ಹೇಳುತ್ತಿದ್ದೇನೆ ಎನ್ನುವುದು ಬಾಯಿಂದ ಮಾತು ಹೊರಬಿದ್ದ ಮೇಲೆ ಹೊಳೆದು, ನಾಲಿಗೆ ಕಚ್ಚಿಕೊಂಡಳು. ಆ ಕಡೆ, ಆಪರೇಷನ್ನಿನಲ್ಲಿ ಉಸಿರಾಟಕ್ಕೆಂದು ಮಾಡಿದ ಕತ್ತಿನ ತೂತಿನಿಂದ ಹೊರಡುವ ಸುಯ್ ಸುಯ್ ಉಸಿರು ಮಾತ್ರ ಕೇಳುತ್ತಿತ್ತು. ಆಮೇಲೆ ಮರದ ಮೇಲೆ ಬಡಿದ ಸದ್ದು. ಟಕ್. ಟಕ್. ಟಕ್. ಫೋನ್ ಕಟ್ಟಾಯಿತು.

ಮನೆಯಲ್ಲಿ ಈಗ ಮಾವನ ಮಾತು ಈ ಬಡಿತಗಳೇ. ಬರೆಯುವುದಕ್ಕೆ ಒಂದು ಸ್ಲೇಟಿದೆ, ಆದರೆ ಫೋನಿನಲ್ಲಿ ಸ್ಲೇಟು ಕಾಣಿಸೀತೆ? ಮೆಸೇಜ್ ಒತ್ತುವ ತಾಳ್ಮೆ ಆತನಿಗೆ ಮೊದಲೇ ಇರಲಿಲ್ಲ. ಒಂದು ಬಡಿತ ಎಂದರೆ ಹೂಂ. ಎರಡು ಎಂದರೆ ಊಹೂಂ. ಮೂರು ಎಂದರೆ, ಹರಾಜಿನ ರೂಢಿ ಎಲ್ಲಿ ಬಿಡುತ್ತದೆ, ವ್ಯವಹಾರ ಮುಗೀತು, ಇನ್ನು ಮಾತಿಲ್ಲ.

ಏನು ಮುಗೀತು? ಹಾಕಿ ಮುಗೀತೇ?

ಮತ್ತೆ ಫೋನ್ ಮಾಡಿದಳು. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದಳು. ಊಹೂಂ. ಅತ್ತೆಗೆ ಮಾಡಿದಳು, ಅತ್ತೆಯೂ ಎತ್ತಲಿಲ್ಲ. ಟಿವಿ ಹಚ್ಚಿಕೊಂಡು ಕೂತರೆ ಅತ್ತೆಗೆ ಸಿಡಿಲು ಬಡಿದರೂ ಕೇಳಿಸುವುದಿಲ್ಲ. ಗಂಡ ಹೊರಗಿನ ರೆಕಾರ್ಡಿಂಗಿಗೆಂದು ಬೇರೆ ಊರಿಗೆ ಹೋದವನು. ಅವನಿಗೆ ಹೇಳಿ ಅವನ ಜೀವವನ್ನೂ ಬಾಯಿಗೆ ತರಿಸಿ ಏನು ಪ್ರಯೋಜನ?

ಗೇಟಿನ ಮುಂದೆ ನಿಂತಿದ್ದ ಟ್ಯಾಕ್ಸಿಯ ಬಾಗಿಲು ಕಿತ್ತುಬರುವ ಹಾಗೆ ಎಳೆದು ಹತ್ತಿದಳು.

"ಬೇಗ ಹೋಗಪ್ಪ, ಪುಣ್ಯ ಬರುತ್ತೆ."

ಡ್ರೈವರ್ ಕನ್ನಡಿಯಲ್ಲಿ ಅವಳ ಮುಖ ನೋಡಿದ. "ಆಸ್ಪತ್ರೆಗೆ ಬೇಗ ಹೋಗು ಅನ್ನೋರನ್ನ ಕಂಡಿದ್ದೀನಿ. ಆಸ್ಪತ್ರೆಯಿಂದ ಬೇಗ ಹೋಗು ಅನ್ನೋರು ನೀವೇ ಮೊದಲು."

ನಗುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಸೀಟಿನ ಅಂಚಿನಲ್ಲಿ ಕೂತು, ಮುಂದಿನ ಸೀಟಿನ ಬೆನ್ನು ಹಿಡಿದು, ತಾನೇ ಬ್ರೇಕು ಒತ್ತುವವಳ ಹಾಗೆ ಕಾಲು ಒತ್ತುತ್ತಿದ್ದಳು. ಕೆಂಪು ದೀಪ ಬಿದ್ದರೆ ಅದನ್ನು ಬಾಯಿಗೆ ಬಂದಂತೆ ಬೈದಳು. ಕರೆಂಟಾದರೂ ಹೋಗಬಾರದೇ ಎಂದುಕೊಂಡಳು. ಬೇಡವೆಂದಾಗ ದಿನಕ್ಕೊಮ್ಮೆ ಹೋಗುವ ಕರೆಂಟು! ಆದರೆ ಕರೆಂಟು ಹೋದರೂ ಕಂಪ್ಯೂಟರ್ ಆರಬಾರದೆಂದು ದೊಡ್ಡ ಬ್ಯಾಟರಿ ತಂದಿಟ್ಟವಳೂ ಅವಳೇ. ಎಲ್ಲಿ ಕೈಹಾಕಿದರೂ ಅವಳದೇ ಜಾಣತನ ಅವಳಿಗೇ ಅಡ್ಡ ಬರುತ್ತಿತ್ತು.

ಒಂದು ದಿನ ಮಾವ ದಾರಿಯಲ್ಲಿ ಹಳೆಯ ಮಾರುಕಟ್ಟೆ ಗೆಳೆಯನ ಜೊತೆ ಕೂತು ತಡವಾಗಿ ಬಂದಾಗ ತಾನು ಆಡಿದ್ದು ನೆನಪಾಯಿತು. "ಮಾವ, ಸ್ಟುಡಿಯೊಗೆ ಬೆಂಕಿ ಬಿದ್ರೂ ಸರಿ, ಮೊದ್ಲು ಡಬ್ಬಿ ಹಾಕಿ, ಆಮೇಲೆ ನೀರು ತನ್ನಿ." ಆತ ಒಂದು ಸಲ ಬಡಿದಿದ್ದ. ಹೂಂ. ಅಂದಿನಿಂದ ಒಂದು ದಿನವೂ ತಡ ಮಾಡಿಲ್ಲ. ಚಪ್ಪಲಿ ಬಿಡುವ ಮೊದಲೇ ವೈರು ಸಿಕ್ಕಿಸುವಷ್ಟು ಹೆದರಿಸಿಟ್ಟೆನಲ್ಲ, ಬಾಯಿಲ್ಲದ ಮನುಷ್ಯನನ್ನು, ಎಂದು ತನ್ನನ್ನೇ ಬೈದುಕೊಂಡಳು. ಮುಂದೆ ಆತ ಯಂತ್ರ ಒತ್ತಿದರೆ ಯಾವನೋ ಊರು ಕೇರಿ ಇಲ್ಲದವನ ದನಿ ಬರುತ್ತದೆ. ಆ ದನಿಗೆ ಅತ್ತೆ ಏನೆಂದು ಓಗೊಡಬೇಕು?

ಸ್ಟುಡಿಯೊ ಇನ್ನೇನು ಬಂತು ಎನ್ನುವಾಗ ಟ್ಯಾಕ್ಸಿ ನಿಂತಿತು. ರಸ್ತೆ ಅಗೆದಿದ್ದರು. ಅಗೆದವರೂ ಇಲ್ಲ, ಮುಚ್ಚುವವರೂ ಇಲ್ಲ. ಗುಂಡಿಯ ಪಕ್ಕ ಒಂದು ಕೆಂಪು ಬಟ್ಟೆ ಮಾತ್ರ ಹಾರಾಡುತ್ತಿತ್ತು.

"ಸುತ್ತಿಕೊಂಡು ಹೋಗ್ಬೇಕಮ್ಮ."

ಸುತ್ತುವುದೆಲ್ಲಿಂದ ಬಂತು! ನೋಟು ಸೀಟಿನ ಮೇಲೆ ಎಸೆದು ಇಳಿದು, ಮಣ್ಣಿನ ಗುಡ್ಡೆ ಹತ್ತಿ, ಒಂದು ಚಪ್ಪಲಿಯ ಪಟ್ಟಿ ಕಿತ್ತು, ಅದನ್ನು ಕೈಯಲ್ಲಿ ಹಿಡಿದು ಓಡಿದಳು. ಬೀದಿಯವರು ಕಣ್ಣು ಬಿಟ್ಟು ನೋಡಿದರು. ನೋಡಿಕೊಳ್ಳಲಿ.

ಸ್ಟುಡಿಯೊ ಬಾಗಿಲು ತೆರೆದಿತ್ತು. ಕಂಪ್ಯೂಟರ್ ಗುಂಯ್‌ಗುಡುತ್ತಿತ್ತು. ಅದರ ಮುಂದೆ ಮಾವ ಕುರ್ಚಿಯ ತುದಿಯಲ್ಲಿ ಕೂತಿದ್ದ, ಮೇಷ್ಟ್ರ ಕೋಣೆಯ ಹೊರಗೆ ಕೂತ ಹುಡುಗನ ಹಾಗೆ. ತೊಡೆಯ ಮೇಲೆ ಡಬ್ಬಿಯ ಚೀಲ. ಜಿಪ್ ಮುಚ್ಚಿಯೇ ಇತ್ತು. ಕಂಪ್ಯೂಟರಿಗೆ ಯಾವ ವೈರೂ ಸಿಕ್ಕಿಸಿರಲಿಲ್ಲ.

"ಹಾಕಿ ತೆಗೆದ್ರಾ, ಹಾಕೇ ಇಲ್ವಾ?"

ಆತ ಎರಡೂ ಕೈ ಎತ್ತಿದ. ಬಡಿಯುವುದನ್ನೇ ಮರೆತವನ ಹಾಗೆ ತೊಡೆಯ ಮೇಲಿನ ಚೀಲ ನೋಡಿದ.

ಅವಳು ಚೀಲ ಕಸಿದುಕೊಂಡಳು. ಜಿಪ್ ಎಳೆದಳು. ಒಳಗಿನಿಂದ ಘಮ್ಮೆಂದು ಸೋಪಿನ ವಾಸನೆ ಬಂತು. ಕೈಹಾಕಿದರೆ ಕಾಗದ ಸುತ್ತಿದ ಬಟ್ಟೆ ಒಗೆಯುವ ಸೋಪು! ಅಂಗೈಯಗಲದ್ದು, ಡಬ್ಬಿಯಷ್ಟೇ ಭಾರದ್ದು. ವೈರು ಕೂಡ ಇರಲಿಲ್ಲ.

ಕೆಲವು ದಿನಗಳಿಂದ ಚೀಲಕ್ಕೆ ಒಳ್ಳೆಯ ವಾಸನೆ ಬರುತ್ತಿದ್ದುದು ಅವಳ ಮೂಗಿಗೆ ಬಿದ್ದಿತ್ತು. ಮಾವ ಚೀಲವನ್ನೂ ಒಗೆದು ಇಟ್ಟುಕೊಳ್ಳುತ್ತಾರೆ, ಎಂಥ ಶಿಸ್ತು ಎಂದು ಗಂಡನ ಹತ್ತಿರ ಹೊಗಳಿದ್ದಳು ಬೇರೆ.

"ಡಬ್ಬಿ ಎಲ್ಲಿ ಮಾವ?"

ಆತ ಸ್ಲೇಟು ತೆಗೆದು ಬರೆದ. 'ಬೈಬೇಡ. ಮನೇಲಿದೆ.'

"ಯಾವತ್ತಿಂದ?"

'ಆಸ್ಪತ್ರೆಯಿಂದ ಬಂದ ಮೇಲೆ ಒಂದೆರಡು ದಿನ ತಂದೆ ಅಷ್ಟೆ.'

"ಮತ್ತೆ ದಿನಾ ಇಲ್ಲಿ ಬಂದು ಏನು ಮಾಡ್ತಿದ್ರಿ?"

'ಕೂತಿರ್ತಿದ್ದೆ.'

ಮೊದಲು ಅವಳಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ಬ್ಯಾಕಪ್ಪೇ ಇಲ್ಲದೆ, ಒಂದು ಸೋಪನ್ನು ನಂಬಿಕೊಂಡು ವ್ಯಾಪಾರ ಮಾಡಿದೆವಲ್ಲ! ಬೈಯಲು ಬಾಯಿ ತೆರೆದವಳಿಗೆ ಆಗ ಹೊಳೆಯಿತು. ಡಬ್ಬಿ ಬಂದಿಲ್ಲ. ಬಂದಿಲ್ಲ ಎಂದರೆ ಅಳಿಸಿಲ್ಲ. ಕಿತ್ತ ಚಪ್ಪಲಿ ಹಿಡಿದುಕೊಂಡೇ ನೆಲದ ಮೇಲೆ ಕುಸಿದು ಅತ್ತುಬಿಟ್ಟಳು.

"ನಾನೇ ಅಳಿಸ್ಬಿಟ್ಟೆ ಮಾವ. ನಿಮ್ಮ ದನೀನ ಕಂಪ್ಯೂಟರಿಂದ ನಾನೇ ಅಳಿಸ್ಬಿಟ್ಟೆ. ಇವತ್ತು ನೀವು ಡಬ್ಬಿ ಹಾಕಿದ್ರೆ ಅದರಲ್ಲಿರೋದೂ ಹೋಗ್ತಿತ್ತು. ಮೂರು ಬಡಿದ್ರಲ್ಲ ಫೋನಲ್ಲಿ, ನನ್ನ ಪ್ರಾಣವೇ ಹೋಯ್ತು!"

ಆತ ಸ್ಲೇಟು ಒರೆಸಿ ನಿಧಾನವಾಗಿ ಬರೆದ. 'ನೀನು ಹಾಕ್ಬೇಡ ಅಂದೆ. ನಾನು ಹಾಕಲ್ಲ, ಮುಗೀತು ಅಂದೆ.' ಅದರ ಕೆಳಗೆ ಸಣ್ಣದಾಗಿ, 'ಆಮೇಲೆ ಕಳ್ಳತನ ಗೊತ್ತಾಯ್ತೇನೋ ಅಂತ ಫೋನ್ ಎತ್ತಲಿಲ್ಲ.'

"ಡಬ್ಬಿ ಮನೇಲಿ ಯಾರ ಹತ್ರ ಇದೆ?"

ಆತ ಬರೆಯಲು ಹಿಂದೆಮುಂದೆ ನೋಡಿದ. ಕೊನೆಗೆ ಬರೆದ. 'ನಿಮ್ಮತ್ತೆ. ಟಿವಿ.'

ಟಿವಿ! ಡಬ್ಬಿ ಸಿಕ್ಕಿಸಿದರೆ ಆ ಹಾಳು ಟಿವಿ, ಇದನ್ನು ಪೂರ್ತಿ ಅಳಿಸಿ ಹೊಸದು ಮಾಡಲೇ ಎಂದು ಕೇಳುತ್ತದೆ. ಗಂಡನ ಹಾರ್ಡ್ ಡ್ರೈವ್ ಒಂದನ್ನು ಅದು ಹಾಗೇ ನುಂಗಿ ಹಾಕಿತ್ತು. ಅತ್ತೆಗೋ, ಟಿವಿ ಏನು ಕೇಳಿದರೂ ಹೂಂ ಅನ್ನುವ ಉದಾರ ಗುಣ.

ಮಾವನ ಕೈಹಿಡಿದು ಎಬ್ಬಿಸಿ, ಬೀಗ ಹಾಕುವುದನ್ನೂ ಮರೆತು ಹೊರಟಳು. ಎರಡೇ ಬೀದಿ, ಆದರೆ ಕತ್ತಿನ ತೂತಿನಿಂದ ಉಸಿರಾಡುವವನನ್ನು ಓಡಿಸುವ ಹಾಗಿಲ್ಲ, ಬಿಟ್ಟು ಓಡಲೂ ಮನಸ್ಸಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗುವಳು, ನಿಲ್ಲುವಳು, ವಾಪಸು ಬರುವಳು. ಮಾವ ಕೈಬೀಸಿ ನೀನು ಹೋಗು, ಹೋಗು ಎಂದ. ಅವಳು ಹೋಗಲಿಲ್ಲ.

ಮನೆಯ ಮೆಟ್ಟಿಲಲ್ಲೇ ಆ ದನಿ ಕೇಳಿಸಿತು. ಮಾವನ ದನಿ. ಲಾರಿ ಹಾರ್ನನ್ನು ಸಪ್ಪೆ ಮಾಡುತ್ತಿದ್ದ ಅದೇ ದನಿ, ತೊಟ್ಟಿಯ ನೀರಿನಂತೆ ತಣ್ಣಗೆ ಓದುತ್ತಿತ್ತು.

"ನಾಳೆ ಬೆಳಿಗ್ಗೆ ಬೇಗ ಏಳಬೇಕು."

"ಏಳ್ರಿ, ಯಾರು ಬೇಡ ಅಂದ್ರು?" ಇದು ಅತ್ತೆ. ಬಾಗಿಲಿಗೆ ಬೆನ್ನು ಮಾಡಿ, ಟಿವಿ ಮುಂದೆ ಕೂತು ಬಟ್ಟೆ ಮಡಿಸುತ್ತಿದ್ದಳು. "ಏಳ್ತೀನಿ ಏಳ್ತೀನಿ ಅಂತ ಹೊದ್ದು ಮಲಗೋದು ನೋಡಿದ್ದೀನಿ."

"ನನಗೆ ನೀಲಿ ಬಣ್ಣ ಇಷ್ಟ."

"ಹಸೀ ಸುಳ್ಳು. ನಾನು ನೀಲಿ ಹಾಕ್ಕೊಂಡಾಗ ಒಂದು ದಿನಾನಾದ್ರೂ ತಿರುಗಿ ನೋಡಿದ್ರಾ?"

"ದಯವಿಟ್ಟು ಸ್ವಲ್ಪ ಜರುಗಿ ಕುಳಿತುಕೊಳ್ಳಿ."

"ಆಹಾ, ದಯವಿಟ್ಟಂತೆ! ಈ ಮರ್ಯಾದೆ ಇಷ್ಟು ವರ್ಷ ಎಲ್ಲಿತ್ತೋ," ಎಂದು ಅತ್ತೆ ನಿಜವಾಗಿಯೂ ಸ್ವಲ್ಪ ಜರುಗಿ ಕೂತಳು.

ಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು. ಪಕ್ಕದಲ್ಲಿ ಮಾವ ತಲೆ ತಗ್ಗಿಸಿಕೊಂಡಿದ್ದ. ಅವರ ನೆರಳು ಬಿದ್ದು ಅತ್ತೆ ತಿರುಗಿದಳು, ರಿಮೋಟಿಗೆ ತಡಕಾಡಿ ಟಿವಿ ನಿಲ್ಲಿಸಿದಳು, ಮುಖವೆಲ್ಲ ಕೆಂಪಾಯಿತು.

"ನಾನೇ ಕೇಳಿದ್ದು ಕಣೇ. ಅವರನ್ನ ಬೈಬೇಡ. ಡಬ್ಬಿ ಬಿಟ್ಟು ಹೋಗ್ರಿ ಅಂದೆ. ಅವರಿಗೆ ಬೇಡ ಅನ್ನೋಕೆ ಬಾಯಿಲ್ವಲ್ಲ, ಬಿಟ್ಟು ಹೋದ್ರು." ಅತ್ತೆ ಮಡಿಸುತ್ತಿದ್ದ ಬಟ್ಟೆಯನ್ನು ಬದಿಗೆ ತಳ್ಳಿದಳು. "ಏನು ಮಾಡ್ಲಿ? ಈಗ ನಾನು ಏನೇ ಅಂದ್ರೂ ಟಕ್ ಅಂತ ಒಂದು ಬಡೀತಾರೆ. ಹೂಂ ಅಂತೆ. ಎದುರು ಮಾತೇ ಇಲ್ಲ. ಜಗಳ ಆಡೋಕೂ ಜನ ಇಲ್ಲ ನಂಗೆ ಈ ಮನೇಲಿ."

"ಅತ್ತೆ, ಡಬ್ಬಿ ಹಾಕಿದಾಗ ಟಿವಿ ಏನಾದ್ರೂ ಕೇಳುತ್ತಾ?"

"ಕೇಳುತ್ತಲ್ಲ, ದಿನಾ ಕೇಳುತ್ತೆ. ಎರಡು ಚೌಕ ಬರುತ್ತೆ. ಎಡಗಡೇದು ಒತ್ತಿದ್ರೆ ನಿಮ್ಮಾವ ಮಾತಾಡ್ತಾರೆ."

"ಬಲಗಡೇದು?"

"ಅದನ್ನ ಇನ್ನೂ ಒತ್ತಿ ನೋಡಿಲ್ಲ. ನಾಳೆ ಒತ್ತೋಣ ಅಂತಿದ್ದೆ, ಅದರಲ್ಲಿ ಇನ್ನೇನಾದ್ರೂ ಮಾತಾಡ್ತಾರೇನೋ ಅಂತ."

ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ರಿಮೋಟನ್ನು ಅತ್ತೆಯ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಡಬ್ಬಿಯನ್ನು ಟಿವಿಯಿಂದ ಬಿಡಿಸಿ, ಕಪಾಟಿನಲ್ಲಿದ್ದ ಗಂಡನ ಹಳೆಯ ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. 'ಮುಗಿದವು' ಇತ್ತು. ಅದರೊಳಗೆ ಮಾವ ಇದ್ದ, ಒಂದು ವಾಕ್ಯವೂ ಕಮ್ಮಿಯಾಗದೆ. ಎಲ್ಲವನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು. ಇಳಿದ ಮೇಲೂ ನಂಬದೆ ಒಂದಷ್ಟನ್ನು ತೆರೆದು ಕೇಳಿದಳು. ಥೆರಪಿಸ್ಟಿಗೆ ಇಂಟರ್ನೆಟ್ಟಿನಲ್ಲಿ ಕಳಿಸಿ, ಬಂತು ಎಂದು ಆಕೆಯ ಬಾಯಿಂದ ಕೇಳಿಕೊಂಡಳು. ಫೋಲ್ಡರಿನ ಹೆಸರನ್ನು ಅಳಿಸಿ 'ಮಾವ' ಎಂದು ಮಾತ್ರ ಬರೆದಳು. ಅಷ್ಟಾದ ಮೇಲೆ, ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರು ಹೊರಗೆ ಬಂತು.

ಅತ್ತೆ ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತ ಕಾಯುತ್ತಿದ್ದಳು. "ಆಯ್ತೇನೇ? ನಂಗೆ ಇನ್ನೂ ಅರ್ಧ ಬಾಕಿ ಇತ್ತು."

ಸೊಸೆ ಡಬ್ಬಿಯನ್ನು ತಾನೇ ತಂದು ಟಿವಿಗೆ ಸಿಕ್ಕಿಸಿದಳು. ಎರಡು ಚೌಕ ಬಂತು. ಎಡಗಡೆಯದನ್ನು ಒತ್ತಿ, ರಿಮೋಟನ್ನು ತನ್ನ ಹತ್ತಿರವೇ ಇಟ್ಟುಕೊಂಡು ಅತ್ತೆಯ ಪಕ್ಕ ನೆಲದ ಮೇಲೆ ಕೂತಳು. ಮಾವ ಗೋಡೆ ಬದಿಯ ಕುರ್ಚಿಯಲ್ಲಿ ಕೂತಿದ್ದ, ಖಾಲಿ ಚೀಲವನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡು.

"ಕಿಟಕಿ ತೆರೆದಿದೆ," ಎಂದಿತು ಟಿವಿ.

"ತೆರೆದಿದ್ರೆ ಎದ್ದು ಹಾಕ್ರೀ, ಧೂಳು ಬರುತ್ತೆ," ಎಂದಳು ಅತ್ತೆ, ತಲೆ ಎತ್ತದೆ.

ಕುರ್ಚಿ ಕಿರ್ರೆಂದಿತು. ಮಾವ ಎದ್ದು ಹೋಗಿ ಕಿಟಕಿ ಹಾಕಿದ. ಚಿಲಕ ಜಡಿದು, ಮರದ ಚೌಕಟ್ಟಿನ ಮೇಲೆ ಒಂದು ಸಲ ಬಡಿದ.